ದೊಡ್ಡಮ್ಮನ ಒಲೆ ಒಡೆದ ಭಾನುವಾರ

ದೊಡ್ಡಮ್ಮನ ಅಡುಗೆಮನೆಯ ಒಲೆಯನ್ನು ಕಟ್ಟಿದ್ದು ಅವಳೂ ನನ್ನ ಅಮ್ಮನೂ ಸೇರಿ. ಅಕ್ಕತಂಗಿಯರಿಬ್ಬರನ್ನೂ ಡೆಂಕಣಿಕೋಟೆಯಾಚೆಯ ಒಂದೇ ಊರಿಗೆ, ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಅಮ್ಮ ತೀರಿಹೋಗಿ ಬಹಳ ವರ್ಷಗಳಾದವು. ಒಲೆಯ ಪಕ್ಕದಲ್ಲಿ ಅಮ್ಮನ ಬೆರಳ ಗುರುತಿತ್ತು ಎಂದು ಹಿಂದೊಮ್ಮೆ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ಅನುಮಾನ. ವಾರವಾರವೂ ಸಗಣಿ ಮಣ್ಣು ಬಳಿದು ಸಾರಿಸುವ ಒಲೆಯ ಮೇಲೆ ಯಾರ ಬೆರಳು ತಾನೆ ಉಳಿದೀತು? ನಾನು ನೋಡಿದ್ದು ದೊಡ್ಡಮ್ಮನ ಬೆರಳ ಗುರುತನ್ನೇ ಇರಬೇಕು. ಗೊತ್ತಿದ್ದೂ ಆ ಸಾಲನ್ನು ಹೊಡೆದುಹಾಕಲು ಮನಸ್ಸು ಬಂದಿಲ್ಲ.

ನಾನು ಹೊಸೂರಿನ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೇನೆ. ಒಂದು ಶನಿವಾರ ದೊಡ್ಡಮ್ಮ ಫೋನ್ ಮಾಡಿದಳು. "ನಾಳೀಕೆ ಒಲೆ ಕೊಡೋರು ಬತ್ತಾರಂತೆ. ಅವ್ರು ಏನೇಳ್ತಾರೋ ನಂಗೊಂದೂ ತಿಳಿಯಾಕಿಲ್ಲ. ಬಾರ್ಲಾ."

ಬಂದವಳು ಕೃಷ್ಣಗಿರಿ ಕಡೆಯ ಒಂದು ಸಂಸ್ಥೆಯ ಹುಡುಗಿ. ಮನೆಮಾತು ತಮಿಳು, ಕನ್ನಡ ಅರ್ಧಂಬರ್ಧ. ದೊಡ್ಡಮ್ಮನನ್ನು ಅಜ್ಜಿ ಎನ್ನುವುದಕ್ಕೆ ಪಾಟಿ ಎಂದೇ ಕರೆದಳು. ಅವಳು ತಂದ ಕಬ್ಬಿಣದ ಒಲೆಗೆ ಸೌದೆಯೂ ಕಡಿಮೆ, ಹೊಗೆಯೂ ಕಡಿಮೆ. ಪುಕ್ಕಟೆ. ಆದರೆ ಹಳೆಯ ಒಲೆಯನ್ನು ಅವರ ಕಣ್ಣೆದುರೇ ಒಡೆಯಬೇಕು, ಫೋಟೊ ತೆಗೆಯಬೇಕು. ಹೀಗೆ ಕಡಿಮೆಯಾದ ಹೊಗೆಯನ್ನು ಹೊರದೇಶದ ಕಂಪನಿಯೊಂದು ದುಡ್ಡು ಕೊಟ್ಟು ಕೊಂಡು, ತಾನೇ ಕಡಿಮೆ ಮಾಡಿದಂತೆ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

"ನನ್ನ ಹೊಗೆ ಕಟ್ಕೊಂಡು ಅವ್ರಿಗೇನಾಗ್ಬೇಕಮ್ಮಿ?"

"ಅವ್ರು ಅಲ್ಲಿ ಹೊಗೆ ಕಮ್ಮಿ ಮಾಡ್ಬೇಕು ಪಾಟಿ. ಈಗ್ಲೇ ಆಗಲ್ಲ. ಅದ್ಕೆ ನೀವು ಇಲ್ಲಿ ಕಮ್ಮಿ ಮಾಡಿದ್ದನ್ನ ತಗೋತಾರೆ."

"ಅವ್ರ ಒಲೆ ಒಡುದ್ರಾ?"

ಹುಡುಗಿ ನಕ್ಕಳು. "ಅವ್ರದು ದೊಡ್ಡ ಒಲೆ ಪಾಟಿ."

"ದೊಡ್ಡದಾದ್ರೆ ಒಡಿಯಾಕೆ ಇನ್ನೊಂದಾಳು ಜಾಸ್ತಿ ಬೇಕು, ಅಷ್ಟೇ ತಾನೆ?" ಎಂದ ದೊಡ್ಡಮ್ಮ ನನ್ನತ್ತ ತಿರುಗಿದಳು. "ಏನ್ಲಾ ಓದ್ದೋನೆ, ಕಂಬ ನಿಂತಂಗೆ ನಿಂತಿದ್ದೀಯಲ್ಲ!"

ವಿಶ್ವವಿದ್ಯಾಲಯದಲ್ಲಿ ಇದೇ ವಿಷಯಕ್ಕೆ ಗಂಟಲು ಹರಿಯುವಷ್ಟು ವಾದ ಮಾಡಿದವನು ನಾನು. ಆಕಾಶವನ್ನು ಮೊದಲಿನಿಂದ ಬಿಸಿ ಮಾಡಿದವರು ಮೊದಲು ಹಿಂದೆ ಸರಿಯಬೇಕು, ಹೊಣೆ ಎಲ್ಲರದಾದರೂ ಪಾಲು ಒಂದೇ ಅಲ್ಲ, ಬದುಕುವುದಕ್ಕೆ ಎದ್ದ ಹೊಗೆ ಬೇರೆ, ಸುಖಕ್ಕೆ ಎದ್ದ ಹೊಗೆ ಬೇರೆ ಎಂದೆಲ್ಲ. ಆದರೆ ಆ ಅಡುಗೆಮನೆಯಲ್ಲಿ ಕೇಳುತ್ತಿದ್ದದ್ದು ದೊಡ್ಡಮ್ಮನ ಕೆಮ್ಮು. ಆನೆ ಓಡಾಡುವ ಕಾಡಂಚಿನಿಂದ ಅವಳು ಸೌದೆ ಹೊತ್ತು ತರುವುದು ಕಣ್ಣಿಗೆ ಕಟ್ಟಿತು. ಗ್ಯಾಸ್ ಇದೆ, ಆದರೆ ಅದು ಕಾಫಿಗೆ ಮಾತ್ರ. ಅವಳು ಒಲ್ಲೆ ಎನ್ನಲಿ ಎಂದು ಒಳಗೊಳಗೇ ಬಯಸಿದೆ. ಆ ಹೊಗೆ ಕುಡಿಯಬೇಕಾದವನು ನಾನಲ್ಲವಲ್ಲ.

"ನಿನ್ನಿಷ್ಟ ದೊಡ್ಡಮ್ಮ" ಎಂದೆ.

ದೊಡ್ಡಮ್ಮ ಒಪ್ಪಿದಳು. ಗುದ್ದಲಿ ಹಿಡಿಯಲು ಹೋದ ನನ್ನ ಕೈಯನ್ನು ತಳ್ಳಿದಳು. "ಕಟ್ಟಿದ್ದು ನಾವು. ನೀನ್ಯಾಕೆ?" ಎಂದು ತಾನೇ ಒಡೆದಳು. ಒಳಗಿನ ಮಣ್ಣು ಇಟ್ಟಿಗೆಯಂತೆ ಕೆಂಪಗೆ ಸುಟ್ಟಿತ್ತು. ಅವಳು ಅತ್ತಳೆಂದು ಆ ರಾತ್ರಿ ಬರೆದಿದ್ದೇನೆ. ಧೂಳಿಗೂ ಕಣ್ಣಲ್ಲಿ ನೀರು ಬರುತ್ತದೆ.

ಹೊಸ ಒಲೆಯಲ್ಲಿ ಅನ್ನ ಚೆನ್ನಾಗಿಯೇ ಬೆಂದಿತು. ಮುದ್ದೆಯದೇ ತೊಂದರೆ. ರಾಗಿ ಹಿಟ್ಟನ್ನು ಉರಿಯ ಮೇಲೇ, ಮೈಯ ಬಲವೆಲ್ಲ ಹಾಕಿ ಕೋಲಿನಿಂದ ತಿರುವಬೇಕು. ಮಣ್ಣಿನ ಒಲೆ ಅಲುಗುತ್ತಿರಲಿಲ್ಲ. ಇದು ಪಾತ್ರೆಯ ಸಮೇತ ಕಟ್ಟೆಯ ಮೇಲೆ ಜಾರುತ್ತಿತ್ತು. ನೆಲಕ್ಕಿಳಿಸಿ ತಿರುವೋಣವೆಂದರೆ ಅವಳ ಮಂಡಿ ಬಗ್ಗುವುದಿಲ್ಲ. ಕೊನೆಗೆ ಮಣ್ಣು ಕಲಸಿ, ಹಳೆಯ ಒಲೆಯಿದ್ದ ಜಾಗದಲ್ಲೇ ಕಬ್ಬಿಣದ ಒಲೆಯನ್ನು ಕತ್ತಿನವರೆಗೆ ಹೂತು, ಚೆಂದವಾಗಿ ಸಾರಿಸಿಟ್ಟಳು. ಊರಿನ ಬೇರೆ ಹೆಂಗಸರೂ ಬಂದು ನೋಡಿಕೊಂಡು ಹೋಗಿ ಹಾಗೇ ಮಾಡಿದರು. ಗಾಳಿ ಹೋಗುವ ಕಿಂಡಿಗಳೆಲ್ಲ ಮುಚ್ಚಿ, ಮೊದಲಿಗಿಂತ ಹೆಚ್ಚು ಹೊಗೆ.

ಮತ್ತೆ ಬಂದ ಹುಡುಗಿ ತಲೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಪಾಟಿ, ಇಂಗಾದ್ರೆ ಲೆಕ್ಕಕ್ಕೇ ಬರಲ್ಲ!"

"ಮುದ್ದೆ ತಿರುವೋರ್ನ ಕೇಳ್ಬುಟ್ಟು ಮಾಡ್ಬೇಕಾಗಿತ್ತು ನಿಮ್ ಲೆಕ್ಕಾವ."

ಆದರೂ ದೊಡ್ಡಮ್ಮ ಮಣ್ಣನ್ನು ಕೆರೆದು ತೆಗೆದಳು.

ಕಳೆದ ಭಾನುವಾರ ಹೋಗಿದ್ದೆ. ಅನ್ನ, ಹುರುಳಿ ಸಾರು ಬಡಿಸಿದಳು.

"ಮುದ್ದೆ ಮಾಡೋದೇ ಬಿಟ್ಬುಟ್ಯಾ?"

"ಒಲೆ ಜಾರ್ತೈತೆ, ಕೈಯಾಗೆ ಆಗಾಕಿಲ್ಲ ಕಣ್ಲಾ. ಕೆಮ್ಮೇನೋ ಕಮ್ಮಿ ಆಗೈತೆ. ನಿಂಗೋಸ್ಕರ ತಿರ್ಗಾ ಮಣ್ಣೊಲೆ ಹಾಕ್ಲಾ, ಹೇಳು."

ಕೆಮ್ಮು ಕಡಿಮೆಯಾದದ್ದು ನಿಜ, ನನ್ನ ಕಿವಿಯೇ ಹೇಳುತ್ತಿತ್ತು. ಆದರೆ ಅವಳು ಬಿಟ್ಟುಕೊಟ್ಟಿದ್ದಕ್ಕೆ ಸಮನಾಗಿ ಸಮುದ್ರದಾಚೆ ಯಾರು ಏನು ಬಿಟ್ಟರು? ಊಟದ ಒಂದು ಪದಾರ್ಥವನ್ನಾದರೂ ಬಿಟ್ಟರೇ? ಅಷ್ಟು ದೂರ ಯಾಕೆ, ಹೊಸೂರಿನ ನನ್ನ ಆಫೀಸಿನ ಏಸಿಯನ್ನು, ಮನೆಯ ಎರಡು ಗಾಡಿಗಳನ್ನು ಒಡೆಯಿರಿ ಎಂದು ಯಾರೂ ಬಂದಿಲ್ಲ. ದೊಡ್ಡಮ್ಮನ ಕಡೆಯಿಂದ ನೋಡಿದರೆ ನಾನೂ ಆಚೆಯ ದಡದವನೇ.

"ಬ್ಯಾಡ ದೊಡ್ಡಮ್ಮ" ಎಂದೆ.

"ಬ್ಯಾಡ ಅನ್ನೋ ಮೊಕಾನ ನೋಡು!" ನಕ್ಕು ಇನ್ನೊಂದು ಸೌಟು ಅನ್ನ ಹಾಕಿದಳು. ತನ್ನ ತಟ್ಟೆಯಲ್ಲಿ ಉಳಿದ ಅನ್ನವನ್ನು ಸುಮ್ಮನೆ ಬೆರಳಿನಿಂದ ಒತ್ತಿ ಒತ್ತಿ ಉಂಡೆ ಮಾಡುತ್ತ ಕೂತಿದ್ದಳು.

"ನಂಗೂ ಅನ್ನ ಸೇರಾಕಿಲ್ಲ ಕಣ್ಲಾ" ಎಂದು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.