ನಿದ್ದೆಗೆ ಬಿಟ್ಟ ಡಬ್ಬಿ

ಸೊಪ್ಪು ತೊಳೆಯುವ ಕೆಲಸ ಅಣ್ಣನ ಪಾಲಿಗೆ ಬಂದಿದ್ದರೆ ಬಸವನಹುಳುಗಳೂ ಅವನ ಪಾಲಿಗೇ ಹೋಗುತ್ತಿದ್ದವೋ ಏನೋ. ಅದು ಅವಳ ಪಾಲಿಗೆ ಬಂತು. ಎಲೆಯಡಿ ಅಂಟಿಕೊಂಡಿದ್ದ ಹುಳುವನ್ನು ಎಸೆಯಲು ಮನಸ್ಸಾಗದೆ ಲೋಟದಲ್ಲಿ ಬಚ್ಚಿಟ್ಟಳು. ದೊಡ್ಡವಳಾಗಿ ಜೀವಶಾಸ್ತ್ರ ಕಲಿಸಿದಳು. ಹುಡುಗರ ಬಾಯಲ್ಲಿ ಹುಳದ ಮೇಡಂ ಆದಳು.

ಮದುವೆಯಾದ ಮೇಲೆ ಅವಳ ಪ್ರಯೋಗಾಲಯ ಅಡುಗೆಮನೆಯ ಮೇಲಿನ ಹಲಗೆಗೆ ಬಂತು. ಕುಕ್ಕರ್ ಕೂಗುವವರೆಗೆ ಸಂಶೋಧನೆ, ಕೂಗಿದ ಮೇಲೆ ಸಂಸಾರ. ಅತ್ತೆ ಮಾತ್ರ, ಬೇರೆಯವರ ಸೊಸೆಯರು ಉಪ್ಪಿನಕಾಯಿ ಇಡುವ ಜಾಗ ಅದು ಎಂದು ಕೊನೆಯವರೆಗೂ ನೆನಪಿಸುತ್ತಿದ್ದರು.

ನೀರು ಸಿಗದಿದ್ದರೆ ಬಸವನಹುಳು ಚಿಪ್ಪಿನ ಬಾಯಿಗೆ ತೆಳ್ಳನೆಯ ಪೊರೆ ಹಾಕಿಕೊಂಡು ಮಲಗಿಬಿಡುತ್ತದೆ. ಎಷ್ಟು ವರ್ಷ ಹಾಗೆ ಬದುಕಿರಬಲ್ಲದು? ನಿವೃತ್ತಳಾದ ದಿನವೇ ಒಂದು ಡಬ್ಬಿ ಹುಳುಗಳನ್ನು ನೀರು ಕೊಡದೆ ನಿದ್ದೆಗೆ ಬಿಟ್ಟಿದ್ದಳು. ನಾಲ್ಕು ವರ್ಷವಾಗಿತ್ತು. ಕೆಟ್ಟರೆ ಮತ್ತೆ ಮೊದಲಿನಿಂದ ಶುರುಮಾಡುವ ವಯಸ್ಸು ಅವಳದಲ್ಲ.

ಅಷ್ಟರಲ್ಲಿ ಮಗಳ ಬಾಣಂತನ ಬಂತು. ಗಂಡನಿಗೆ ಹಾಲು, ಗ್ಯಾಸು, ಬೀಗ ಎಲ್ಲವನ್ನೂ ಹೇಳಿ ಹೋದಳು. ಡಬ್ಬಿಯ ಬಗ್ಗೆ ಹೇಳಲಿಲ್ಲ. ಆ ಎತ್ತರಕ್ಕೆ ಅವರ ಕೈ ಇಡೀ ದಾಂಪತ್ಯದಲ್ಲಿ ಹೋದದ್ದಿರಲಿಲ್ಲ.

ತಿರುಗಿ ಬಂದಾಗ ಹಲಗೆ ಫಳಫಳ ಹೊಳೆಯುತ್ತಿತ್ತು. ಡಬ್ಬಿಯಲ್ಲಿ ಅವಲಕ್ಕಿ ಇತ್ತು.

"ಅದರಲ್ಲಿದ್ದದ್ದು?"

"ಸತ್ತು ಒಣಗಿದ್ವಲ್ಲ ಮಾರಾಯ್ತಿ. ಚಿಪ್ಪು ಚೆನ್ನಾಗಿತ್ತು ಅಂತ ಪಾಲಕ್ ಕುಂಡದಲ್ಲಿ ಸಾಲಾಗಿಟ್ಟೆ. ಅದೇನೋ, ಸೊಪ್ಪು ಮಾತ್ರ ಏಳ್ತಾನೇ ಇಲ್ಲ."

ಅವಳು ಚೀಲವನ್ನೂ ಇಳಿಸದೆ ಹಿತ್ತಲಿಗೆ ನಡೆದಳು. ಕುಂಡದಲ್ಲಿ ಪಾಲಕಿನ ದಂಟುಗಳಷ್ಟೇ ನಿಂತಿದ್ದವು. ಮಣ್ಣು ಕೆದಕಿ, ಕುಂಡ ಎತ್ತಿ, ಗೋಡೆಯ ಬುಡ ತಡವಿ ಒಂದೊಂದನ್ನೇ ಸೆರಗಿಗೆ ಹಾಕಿಕೊಂಡಳು. ಒಂದೂ ಕಮ್ಮಿಯಿರಲಿಲ್ಲ. ಎಲ್ಲವೂ ಕೊಬ್ಬಿದ್ದವು.

ಆದರೆ ಎದ್ದ ದಿನ ಗೊತ್ತಿಲ್ಲದಿದ್ದರೆ ನಾಲ್ಕು ವರ್ಷವೂ ನೀರಿನಲ್ಲಿ ಹೋಮ.

"ಮೊದಲು ನೀರು ಹಾಕಿದ್ದು ಯಾವತ್ತು?" ಎಂದಳು. ಮಗಳ ಹುಟ್ಟಿದ ದಿನವನ್ನು ಇಂದಿಗೂ ಅವಳನ್ನೇ ಕೇಳುವ ಮನುಷ್ಯ.

"ಹದಿನಾಲ್ಕನೇ ತಾರೀಕು, ಗುರುವಾರ, ಬೆಳಿಗ್ಗೆ ಹತ್ತೂವರೆ," ಎಂದರು ಅವರು ತಡವರಿಸದೆ. "ಅಡುಗೆಮನೆ ಕ್ಲೀನ್ ಮಾಡಿದ ದಿನ ಅಲ್ವಾ."

ಅಂದು ಅವರು ತಂಗಿಗೆ, ಬೀಗರಿಗೆ, ಹಳೆಯ ಆಫೀಸಿನವರಿಗೆಲ್ಲ ಫೋನು ಮಾಡಿ ಸುದ್ದಿ ಹೇಳಿದ್ದರು. ತಾಳೆ ನೋಡಲು ಅವಳಿಗೆ ಸಾಕ್ಷಿಗಳ ಕೊರತೆಯಾಗಲಿಲ್ಲ.

ಪ್ರಬಂಧ ಅಚ್ಚಾಯಿತು. ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲಿತ್ತು: ಒಮ್ಮೆ ಅಡುಗೆಮನೆ ಸ್ವಚ್ಛಮಾಡಿದ ನನ್ನ ಗಂಡನಿಗೆ.

ಅವರು ಆ ಪುಟಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅದರ ಧೂಳು ಅವಳು ಒರೆಸುತ್ತಾಳೆ.