ಸಾವಿರ ಹೆಗಲ ಮೇಲಿನ ಒಂದೇ ತಲೆ

ನಮ್ಮ ಸೋದರತ್ತೆ ಇಪ್ಪತ್ತಮೂರು ವರ್ಷ ಒಂದೇ ತಲೆಯ ಕ್ಷೌರ ಮಾಡಿದಳು. ತಲೆ ಒಂದೇ, ಆದರೆ ಅದು ಸಾವಿರಾರು ಹೆಗಲುಗಳ ಮೇಲಿತ್ತು.

ನಮ್ಮದು ಸಾಮ್ರಾಜ್ಯದ ಅಂಚಿನಲ್ಲಿರುವ ಒಂದು ಸಣ್ಣ ಗ್ರಹ. ಇಲ್ಲಿನ ದಂಡಿನ ಠಾಣೆಯಲ್ಲಿದ್ದವರೆಲ್ಲ ತದ್ರೂಪಿ ಸೈನಿಕರು. ಎಷ್ಟೋ ನಕ್ಷತ್ರಗಳಾಚೆಯ ಕಾರ್ಖಾನೆಯಲ್ಲಿ, ಒಬ್ಬನೇ ಮನುಷ್ಯನ ಪಡಿಯಚ್ಚಿನಂತೆ ಬೆಳೆಸಿ ಕಳಿಸಿದವರು. ಊರಿನವರು ಅವರನ್ನು ‘ಅಚ್ಚಿನವರು’ ಎನ್ನುತ್ತಿದ್ದರು. ಠಾಣೆಯ ಹೆಬ್ಬಾಗಿಲಿಗೆ ಎದುರಾಗಿ ಅತ್ತೆಯ ಅಂಗಡಿ. ಮೂರು ಕುರ್ಚಿ, ಅಂಚು ಕಪ್ಪಿಟ್ಟ ಕನ್ನಡಿ, ಗೋಡೆಗೊಂದು ಬೆಂಚು. ಮೇಲಿನ ಮಹಡಿಯಲ್ಲಿ ನಮ್ಮ ಮನೆ. ತಾತನ ಕೈ ನಡುಗತೊಡಗಿದಾಗ ಕ್ಷೌರದ ಮಷೀನು ಅತ್ತೆಯ ಕೈಗೆ ಬಂದಿತ್ತು.

ದಿನಕ್ಕೆ ಅರವತ್ತು ಜನ. ಎಲ್ಲರಿಗೂ ಬಲಗಿವಿಯ ಹಿಂದೆ ಅದೇ ತಗ್ಗು, ನೆತ್ತಿಯಲ್ಲಿ ಎಡಕ್ಕೆ ತಿರುಗಿದ ಅದೇ ಸುಳಿ. “ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಮುಗಿಸ್ತೀನಿ” ಎನ್ನುತ್ತಿದ್ದಳು. ಅತ್ತೆಗೆ ಮಾತಾಡದಿದ್ದರೆ ಉಂಡ ಅನ್ನ ಅರಗದು. ಅವರೋ ಬಾಯಿಗೆ ಬೀಗ ಹಾಕಿಕೊಂಡವರು. ‘ಹೌದಕ್ಕ’, ‘ಇಲ್ಲಕ್ಕ’, ಅಷ್ಟೇ.

ಒಂದು ಬೆಳಿಗ್ಗೆ ಠಾಣೆಯ ಗೋಡೆಗೆ ಹುಕುಂ ಅಂಟಿಸಿದರು. ಇನ್ನು ಮುಂದೆ ತದ್ರೂಪಿಗಳನ್ನು ಬೆಳೆಸುವುದಿಲ್ಲ, ಎಲ್ಲ ಗ್ರಹಗಳಿಂದ ಜನರನ್ನು ಭರ್ತಿ ಮಾಡಿಕೊಳ್ಳಲಾಗುವುದು. ಕಾರಣ ಬರೆದಿರಲಿಲ್ಲ. ಬೆಂಚಿನ ಮೇಲೆ ಕೂತವರು ಬಾಯಿಗೊಂದು ಕಾರಣ ಕೊಟ್ಟರು. ಕಾರ್ಖಾನೆ ಹಳತಾಯಿತಂತೆ, ಇಲ್ಲ, ಅಚ್ಚೇ ಸವೆದುಹೋಯಿತಂತೆ.

ಮೊದಲ ತಂಡದಲ್ಲಿ ಅರವತ್ತು ಜನ ಬಂದರು, ಗಂಡು ಹೆಣ್ಣು ಎಲ್ಲ ಸೇರಿ. ಮೊದಲನೆಯ ತಲೆ ಹೇಗೋ ಮುಗಿಯಿತು. ಎರಡನೆಯವನ ಬಲಗಿವಿಯ ಹಿಂದೆ ಅತ್ತೆಯ ಕೈ ರೂಢಿಯಂತೆ ಇಳಿಯಿತು. ಅಲ್ಲಿ ತಗ್ಗು ಇರಲಿಲ್ಲ, ಉಬ್ಬಿತ್ತು. ರಕ್ತ ಬಂತು.

“ಅಯ್ಯೋ! ನೋವಾಯ್ತೇನಪ್ಪಾ?”

“ಇರ್ಲಿ ಬಿಡಿ ಅಕ್ಕ. ಚಿಕ್ಕೋನಿದ್ದಾಗ ಏಣಿಯಿಂದ ಬಿದ್ದಿದ್ದೆ, ಅದರದ್ದು ಬುಗುಟು.”

ಅತ್ತೆ ಮಷೀನು ಆರಿಸಿದಳು. “ಏಣಿ ಯಾಕೆ ಹತ್ತಿದ್ದೆ?”

ಅವನು ಹೇಳಿದ. ಆಮೇಲೆ ಮೂರನೆಯವಳು ತನ್ನ ಹಣೆಯ ಕಲೆಯ ಕಥೆ ಹೇಳಿದಳು. ಹೊತ್ತು ಇಳಿಯುವಷ್ಟರಲ್ಲಿ ಮುಗಿದದ್ದು ಹತ್ತೊಂಬತ್ತು. ಅಧಿಕಾರಿ ಕೆಂಡವಾಗಿ ಬಂದ.

“ಅರವತ್ತರಲ್ಲಿ ಹತ್ತೊಂಬತ್ತೇನಮ್ಮಾ? ಮೊದಲು ಹೀಗಾಗ್ತಿರಲಿಲ್ವಲ್ಲ!”

“ಸಾಹೇಬ್ರೇ, ಮೊದಲು ಇದ್ದಿದ್ದು ಒಂದು ತಲೆ. ಇವು ಅರವತ್ತು.”

ಅಂದಿನಿಂದ ಅವಳಿಗೆ ತಲೆಗಳ ಹುಚ್ಚೇ ಹಿಡಿಯಿತು. ನಾನು ಊಟಕ್ಕೆ ಕೂತಿದ್ದರೆ ಹಿಂದಿನಿಂದ ಬಂದು ನೆತ್ತಿ ತಡವುವಳು. “ನಿಂಗೆ ಎರಡು ಸುಳಿ ಇದೆ ಕಣೇ! ಹುಟ್ಟಿದಾಗಿಂದ ಎತ್ತಿ ಆಡಿಸಿದ್ದೀನಿ, ನೋಡೇ ಇಲ್ವಲ್ಲ!”

ಭರ್ತಿಯಾದವರಿಗೆ ಕವಾಯತು ಕಲಿಸಲು ಹಳೆಯ ಅಚ್ಚಿನವರಲ್ಲಿ ಕೆಲವರನ್ನು ಉಳಿಸಿಕೊಂಡಿದ್ದರು. ಅವರಲ್ಲೊಬ್ಬ ಹವಾಲ್ದಾರ ತಾನು ಕಲಿಸುತ್ತಿದ್ದ ಹೊಸಬರನ್ನು ಕರೆತಂದು ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಒಂದು ದಿನ ಗುಂಗುರು ಕೂದಲಿನ ಹುಡುಗಿಯೊಬ್ಬಳ ಸುರುಳಿ ಅವನ ಬೂಟಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿ, ಎಳೆದು, ಬಿಟ್ಟ. ಮತ್ತೆ ಸುತ್ತಿಕೊಂಡಿತು. ಮತ್ತೆ ಎಳೆದ.

“ಅಕ್ಕಾ, ನಮ್ಮದು ಹೇಗೆ?”

“ಏನು ಹೇಗೆ?”

“ಬೆಳೆಯೋಕೆ ಬಿಟ್ರೆ. ಹೀಗೆ ಸುತ್ತುತ್ತಾ, ನೆಟ್ಟಗಿರುತ್ತಾ?”

ಆ ಕೂದಲನ್ನು ಅಕ್ಕಿಕಾಳಿಗಿಂತ ಉದ್ದ ಬೆಳೆಯಲು ಅತ್ತೆಯೇ ಬಿಟ್ಟಿರಲಿಲ್ಲವಲ್ಲ. ಗಲಿಬಿಲಿಯಲ್ಲಿ ಕೈಗನ್ನಡಿ ತಂದು ಅವನ ತಲೆಯ ಹಿಂದೆ ಹಿಡಿದಳು.

“ಬೇಡಕ್ಕ,” ಎಂದ. “ಹಿಂದಲೆ ನೋಡಿದ್ದೀನಿ. ದಿನಾ ಮುಂದಿನ ಸಾಲಲ್ಲಿ ಅದೇ ಇರ್ತಿತ್ತು.”

ಮೂರು ತಿಂಗಳಿಗೆ, ಉಳಿಸಿಕೊಂಡಿದ್ದ ಅಚ್ಚಿನವರಿಗೂ ಬಿಡುಗಡೆಯಾಯಿತು. ಹೆಚ್ಚಿನವರು ಬೇರೆ ಗ್ರಹಕ್ಕೆ ಹಡಗು ಹತ್ತಿದರು. ಏಳು ಜನ ಇಲ್ಲೇ ನಿಂತರು. ಹವಾಲ್ದಾರ ಗೋದಾಮಿನ ಕಾವಲಿಗೆ ಸೇರಿ, ಕೂದಲು ಬಿಡತೊಡಗಿದ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಂಗಡಿಗೆ ಬಂದು ತಲೆ ಬಗ್ಗಿಸುವನು. ಅತ್ತೆ ಪರೀಕ್ಷೆ ಮಾಡುವಳು.

“ಇನ್ನೂ ಮುಳ್ಳುಹಂದಿ. ನಾಳೆ ಬಾ.”

ಎರಡನೆಯ ತಿಂಗಳಿಗೂ ಅದು ಬ್ರಷ್ಷಿನಂತೆ ನಿಂತೇ ಇತ್ತು. ಅತ್ತೆಯ ಮುಖ ಸಣ್ಣದಾಯಿತು. ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಅವನು ಸ್ನಾನ ಮಾಡಿ ನೇರ ಅಂಗಡಿಗೆ ಬಂದ. ಅತ್ತೆ ಕೂಗಿದ ಕೂಗಿಗೆ ನಾನು ಮಹಡಿಯಿಂದ ಬರಿಗಾಲಲ್ಲೇ ಓಡಿದೆ. ಒದ್ದೆ ಕೂದಲು ಕಿವಿಯ ಮೇಲೆ ಅಲೆಯಂತೆ ಬಾಗಿತ್ತು. ಬಲಗಡೆ ಹೊರಕ್ಕೆ ತಿರುಗಿದರೆ ಎಡಗಡೆ ಒಳಕ್ಕೆ ತಿರುಗಿತ್ತು, ಒಂದಕ್ಕೊಂದು ಜಗಳವಾಡಿದ ಹಾಗೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನ ಉಳಿದ ಆರೂ ಜನ ಬಂದರು. ಹವಾಲ್ದಾರನ ಸುತ್ತ ನಿಂತು ನೋಡಿದರು.

“ಹಾಗಾದ್ರೆ ನಮ್ದೂ ಇದೇ,” ಎಂದ ಒಬ್ಬ ಕೊನೆಗೆ.

“ನೀನು ಬಲಕ್ಕೆ ಬಾಚ್ತೀಯಾ?” ಎಂದು ಹವಾಲ್ದಾರನನ್ನು ಕೇಳಿದ ಇನ್ನೊಬ್ಬ. “ಸರಿ, ನಾನು ಕೂದಲು ಬಿಟ್ಟ ಮೇಲೆ ಎಡಕ್ಕೆ.”

ಹವಾಲ್ದಾರ ನಕ್ಕ. ಆ ಮುಖವನ್ನು ಅಷ್ಟು ವರ್ಷ ನೋಡಿದ್ದರೂ ನಗುವಾಗ ಮೇಲಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿರುವುದು ಅತ್ತೆಗೆ ಕಂಡದ್ದು ಆವಾಗಲೇ.

ಆರರಲ್ಲಿ ಐವರು ಹೊರಟರು. ಒಬ್ಬ ಮಾತ್ರ ಬಂದು ಕುರ್ಚಿಯಲ್ಲಿ ಕೂತ. “ನಂಗೆ ಬೇಡಕ್ಕ. ಮೊದಲಿನ ಹಾಗೇ ಬೋಳಿಸಿ.”

“ಯಾಕಪ್ಪಾ? ಆ ಅಲೆ ಚೆನ್ನಾಗೇ ಇದೆಯಲ್ಲ.”

“ನಂದು ನೆಟ್ಟಗಿರುತ್ತೆ ಅಂದ್ಕೊಂಡಿದ್ದೆ.”

“ಯಾವಾಗಿಂದ?”

“ಚಿಕ್ಕಂದಿನಿಂದ.”

ಅತ್ತೆ ಬಟ್ಟೆ ಹೊದಿಸಿ, ಕುತ್ತಿಗೆಯ ಬಳಿ ಗಂಟು ಹಾಕಿದಳು. “ಹೇಳು,” ಎಂದಳು.

ಆ ಒಂದು ಕ್ಷೌರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.