ಸೇತುರಾಮರ ಮೇಲೆ ಬಂದ ವರದಿ

ಜಯನಗರ ಏಳನೇ ಬ್ಲಾಕಿನ ನಮ್ಮ ಎದುರು ಮನೆಯ ಸೇತುರಾಮರು, ಏನು ಕೆಲಸವೆಂದು ಕೇಳಿದವರಿಗೆ ‘ಟ್ರೈನಿಂಗು’ ಎಂದಷ್ಟೇ ಹೇಳಿ ಗೇಟು ಹಾಕಿಕೊಳ್ಳುತ್ತಿದ್ದರು. ಬೀದಿಯವರೆಲ್ಲ ಯೋಗದ ಮೇಷ್ಟ್ರೆಂದು ತಿಳಿದಿದ್ದೆವು. ಬೆನ್ನುನೋವಿಗೆ ಒಂದು ಆಸನ ಹೇಳಿಕೊಡಿ ಎಂದು ನಾನೇ ಹೋಗಿ ಪೀಡಿಸಿದ್ದೆ. ಪಾಪ, ಏನೋ ಒಂದು ತೋರಿಸಿದರು. ನೋವು ಹೆಚ್ಚಾಯಿತು.

ನಿಜವಾದ ಕೆಲಸ ಏನೆಂದು ಅವರು ಬಾಯಿ ಬಿಟ್ಟದ್ದು ಮೊನ್ನೆ, ನಿವೃತ್ತಿಯಾದ ಮೇಲೆ, ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುವಾಗ. ಅಣು ವಸ್ತುಗಳಿರುವ ಕಡೆ ದುಡಿಯುವವರಿಗೆ ಭದ್ರತೆಯ ಪಾಠ ಹೇಳುವ ಸಂಸ್ಥೆ ಅವರದು. ಪಾಠ ಹೇಳುವುದೂ, ಅದು ಉಪಯೋಗಕ್ಕೆ ಬಂತೇ ಎಂದು ಅಳೆಯುವುದೂ ಸೇತುರಾಮರೇ. ಅಳೆಯುವುದು ಹೇಗೆ? ಕಳ್ಳತನ ಆಗಲಿಲ್ಲವೆಂದರೆ ಅದು ಪಾಠದ ಪುಣ್ಯವೋ, ಕಳ್ಳ ಬರದ ಪುಣ್ಯವೋ? ಕೋರ್ಸಿನಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಎಂದರೆ ಬಹಳ ಜನ ‘ಮಧ್ಯಾಹ್ನದ ಊಟದ ಹೋಳಿಗೆ’ ಎಂದು ಬರೆಯುತ್ತಿದ್ದರು.

ಅವರು ವರ್ಷಗಟ್ಟಲೆ ತಿದ್ದಿ ತೀಡಿದ ಪಾಠವೊಂದಿತ್ತು: ಅಪಾಯ ಒಳಗಿನವರಿಂದಲೂ ಬರಬಹುದು. ಸಹೋದ್ಯೋಗಿ ಒಬ್ಬನೇ ಊಟಕ್ಕೆ ಕೂರುತ್ತಾನೆಯೇ, ಮಾತು ಬಿಟ್ಟಿದ್ದಾನೆಯೇ, ಹಬ್ಬಕ್ಕೂ ಮನೆಗೆ ಹೋಗುವುದಿಲ್ಲವೇ, ಗಮನಿಸಿ, ಮಾತಾಡಿಸಿ, ಮೇಲಿನವರಿಗೆ ತಿಳಿಸಿ. ಒಬ್ಬರೂ ತಿಳಿಸಲಿಲ್ಲ. ಕ್ಯಾಂಟೀನಿನಲ್ಲಿ ಆಡಿಕೊಳ್ಳುವುದು ನಮಗೆ ಸಹಜ. ಮೇಲಿನವರಿಗೆ ಹೇಳಿದರೆ ಚಾಡಿ.

ಹೊಸ ನಿರ್ದೇಶಕ ನೀಲಕಂಠಪ್ಪ ಕೇಳಿಯೇಬಿಟ್ಟರು: “ಏನ್ರೀ ಸೇತುರಾಮ್, ನಿಮ್ಮ ಪಾಠಾನ ಒಬ್ರಾದ್ರೂ ಬಳಸಿದಾರಾ? ಈ ತಿಂಗಳು ನೋಡೋಣ. ಇಲ್ಲಾಂದ್ರೆ ನಿಲ್ಲಿಸಿಬಿಡೋಣ.”

ತಿಂಗಳ ಕೊನೆಗೆ ಅವರೇ ಒಳಗೆ ಕರೆದರು. “ಒಂದು ವರದಿ ಬಂದಿದೆ ಕಣ್ರೀ.”

“ಬಂತಾ ಸಾರ್! ಯಾರ ಮೇಲೆ?”

“ನಿಮ್ಮ ಮೇಲೆ.”

ಬರೆದವಳು ಅದೇ ಕಚೇರಿಯ ಲೆಕ್ಕಪತ್ರ ವಿಭಾಗದ ಶರ್ವಾಣಿ. ಯುಗಾದಿಯ ಹೊತ್ತಿಗೆ ಇವರ ಪಾಠ ಕೇಳಿದ್ದಳು. ತಾಯಿ ತೀರಿಕೊಂಡ ಮೇಲೆ ಸೇತುರಾಮರು ಮಾತು ಬಿಟ್ಟಿದ್ದಾರೆ, ಕಿಟಕಿ ಪಕ್ಕ ಒಬ್ಬರೇ ಉಣ್ಣುತ್ತಾರೆ, ದೀಪಾವಳಿಯಂದೂ ಆಫೀಸಿನಲ್ಲಿದ್ದರು ಎಂದು ಬರೆದಿದ್ದಳು.

ನೀಲಕಂಠಪ್ಪನವರಿಗೇ ಮುಜುಗರ. “ಹುಡುಗಿಗೆ ತಲೆ ಇಲ್ಲ. ಹರಿದು ಹಾಕಿಬಿಡ್ಲಾ?”

“ಅಯ್ಯೋ ಹರೀಬೇಡಿ ಸಾರ್! ನಮ್ಮ ಹತ್ರ ಇರೋದು ಇದೊಂದೇ ಸಾಕ್ಷಿ.”

ತೊಡಕು ಇದ್ದದ್ದು ಅಲ್ಲೇ. ವರದಿಯಲ್ಲಿದ್ದದ್ದು ನಿಜವೆಂದು ಸಹಿ ಬಿದ್ದರೆ ಮಾತ್ರ ಅದು ಲೆಕ್ಕಕ್ಕೆ; ಪಾಠವನ್ನು ಅಳೆಯುವ ಕೆಲಸ ಅವರದೇ ಆದ್ದರಿಂದ ಸಹಿ ಹಾಕಬೇಕಾದವರೂ ಸೇತುರಾಮರೇ. ಸುಳ್ಳು ಎಂದರೆ ಪಾಠ ಹೋಗುತ್ತದೆ. ನಿಜ ಎಂದರೆ, ತಮಗೆ ಯಾರೂ ಇಲ್ಲವೆಂದು ತಾವೇ ಸರ್ಕಾರಿ ಭಾಷೆಯಲ್ಲಿ ದೃಢೀಕರಿಸಿದಂತೆ. ಎದುರು ಮನೆಯವನಾಗಿ ನಾನು ನನ್ನ ಬೆನ್ನುನೋವಿನಾಚೆ ಏನನ್ನೂ ಗಮನಿಸಿರಲಿಲ್ಲ; ಆ ಹುಡುಗಿ ಎಲ್ಲವನ್ನೂ ಸರಿಯಾಗಿ ಬರೆದಿದ್ದಳು. ಸೇತುರಾಮರು ಸಂಜೆಯವರೆಗೂ ಪೆನ್ನು ಹಿಡಿದು ಕೂತಿದ್ದರಂತೆ. ಕೊನೆಗೆ ‘ಪರಿಶೀಲಿಸಲಾಗಿದೆ, ಸರಿಯಾಗಿದೆ’ ಎಂದು ಬರೆದು ಸಹಿ ಮಾಡಿದರು. ಪಾಠ ಉಳಿಯಿತು.

ಮರುದಿನ ಮಧ್ಯಾಹ್ನ ಶರ್ವಾಣಿ ಡಬ್ಬಿ ಹಿಡಿದು ಕಿಟಕಿ ಪಕ್ಕಕ್ಕೆ ಬಂದಳು. “ಬೇಜಾರಾಯ್ತಾ ಸಾರ್?”

“ಇಲ್ಲಮ್ಮ. ಈಗ ಬಂದಿದ್ದು ಪಾಠದ ಪ್ರಕಾರಾನೋ, ಸುಮ್ನೇನೋ?”

ಹುಡುಗಿ ಸುಳ್ಳು ಹೇಳಲಿಲ್ಲ. “ಪಾಠದ ಪ್ರಕಾರಾನೇ ಸಾರ್. ಮಾತಾಡಿಸಬೇಕು ಅಂತ ನೀವೇ ಹೇಳಿದ್ರಲ್ಲ.”

ಒಂಟಿಯಾದವರನ್ನು ಮಾತಾಡಿಸುವುದು ಹೇಗೆಂದು ಸೇತುರಾಮರು ಎಷ್ಟೋ ಜನಕ್ಕೆ ಕಲಿಸಿದ್ದರು. ತಮ್ಮನ್ನೇ ಯಾರಾದರೂ ಮಾತಾಡಿಸಿದರೆ ಏನು ಹೇಳಬೇಕೆಂಬುದು ಪಾಠದಲ್ಲಿರಲಿಲ್ಲ.

“ಹುಳಿ ನುಗ್ಗೇಕಾಯಿದಾ?” ಎಂದರು.

“ಹೂಂ ಸಾರ್.”

ಅಲ್ಲಿಗೆ ಮಾತು ಮುಗಿಯಿತು. ಅವಳು ಮಾತ್ರ ಎದ್ದು ಹೋಗಲಿಲ್ಲ.